ಕುಸುಬಿಕೊಪ್ಪದ ಪಂಚಾಯ್ತಿ ಜಮಖಾನ

ನಾನು ಒಂದು ಜಮಖಾನ. ಚಾಪೆಯಲ್ಲ, ಕಾರ್ಪೆಟ್ಟೂ ಅಲ್ಲ. ಹಾಗೆ ಕರೆದವರು ನನ್ನ ಅಂಚಿಗೆ ಎಡವಿ ಬೀಳಲಿ ಎಂದು ನಾನು ಬಯಸಿದ್ದುಂಟು. ಒಬ್ಬಿಬ್ಬರು ಬಿದ್ದದ್ದೂ ಉಂಟು.

ನವಲಗುಂದದ ಒಂದು ಓಣಿಯಲ್ಲಿ, ಹುಸೇನಬಿ ಎಂಬ ಹೆಂಗಸಿನ ಮಗ್ಗದಲ್ಲಿ ನಾನು ಹುಟ್ಟಿದೆ. ಗೋಡೆಗೆ ಒರಗಿಸಿ ನಿಲ್ಲಿಸಿದ ಮಗ್ಗ ಅದು. ಆಕೆ ನೆಲದ ಮೇಲೆ ಕುಳಿತು ಬಣ್ಣದ ನೂಲನ್ನು ಬೆರಳಿನಿಂದ ಹೆಣೆದು, ಹಣಿಗೆಯಿಂದ ಬಡಿದು ಬಡಿದು ನನ್ನನ್ನು ಗಟ್ಟಿ ಮಾಡಿದಳು. "ಸಡಿಲ ಬಿಡಬ್ಯಾಡವಾ, ಮಂದಿ ಇದರ ಮ್ಯಾಲೆ ಕುಂದರತಾರ" ಎಂದು ಪಕ್ಕದಲ್ಲಿದ್ದ ಸೊಸೆಗೆ ಹೇಳುತ್ತಿದ್ದಳು. ಕೆಂಪು ನೆಲ, ಹಳದಿ ಅಂಚು, ನಡುವೆ ಪಗಡೆಯ ಹಾಸು, ಮೂಲೆಗಳಲ್ಲಿ ನವಿಲು. ಮಗ್ಗದಿಂದ ಇಳಿದ ದಿನ ನಾನು ಎಷ್ಟು ಚಂದ ಇದ್ದೆನೆಂದರೆ, ಹುಸೇನಬಿಗೇ ನನ್ನನ್ನು ಮಾರಲು ಮನಸ್ಸಿರಲಿಲ್ಲ.

ಆದರೂ ಮಾರಿದಳು. ಕುಸುಬಿಕೊಪ್ಪದ ಗೌಡರು ನನ್ನನ್ನು ಕೊಂಡೊಯ್ದು ಪಡಸಾಲೆಯಲ್ಲಿ ಹಾಸಿದರು. ಅಲ್ಲಿ ಮದುವೆಯ ಮಾತುಕತೆ, ಜಗಳದ ಪಂಚಾಯ್ತಿ, ಚುನಾವಣೆಯ ಲೆಕ್ಕಾಚಾರ ಎಲ್ಲ ನನ್ನ ಮೇಲೆಯೇ ನಡೆದವು. ನನಗೆ ಮನುಷ್ಯರ ಮುಖಕ್ಕಿಂತ ಮೊಣಕಾಲು ಹೆಚ್ಚು ಪರಿಚಯ. ಕುಳಿತ ಭಾರದಲ್ಲೇ ಯಾರು ನಿಜ ಹೇಳುತ್ತಿದ್ದಾರೆ, ಯಾರು ಎದ್ದು ಓಡಲು ತಯಾರಾಗಿದ್ದಾರೆ ಎಂದು ಹೇಳಬಲ್ಲೆ. ಅಲ್ಲಿ ನನ್ನ ಮೇಲೆ ಕುಳಿತವರೆಲ್ಲ ಗಂಡಸರು. ಹೆಂಗಸರು ನನ್ನನ್ನು ಝಾಡಿಸಿದರು, ಬಿಸಿಲಿಗೆ ಹಾಕಿದರು, ಗಂಡಸರು ಚೆಲ್ಲಿದ ಚಹಾ ಒರೆಸಿದರು. ಮಾತು ಶುರುವಾದರೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡರು. ಹೆಂಗಸು ನೇಯ್ದ ಹಾಸಿನ ಮೇಲೆ ಹೆಂಗಸಿಗೇ ಜಾಗವಿಲ್ಲವಲ್ಲ ಎಂದು ನನಗೆ ಆಗಲೇ ಮೈಯೆಲ್ಲ ಉರಿಯುತ್ತಿತ್ತು.

ಮುಂದೆ ಗೌಡರ ಮನೆಗೆ ಸೋಫಾ ಬಂತು. ನನ್ನನ್ನು ಗ್ರಾಮ ಪಂಚಾಯ್ತಿಗೆ ದಾನ ಕೊಟ್ಟರು. ಸುಮ್ಮನೆ ಕೊಡಲಿಲ್ಲ, ಮೂಲೆಯಲ್ಲಿ ಎಣ್ಣೆಬಣ್ಣದಿಂದ ತಮ್ಮ ಹೆಸರು ಬರೆಸಿ ಕೊಟ್ಟರು. ಆ ಹೆಸರು ಒಂದು ನವಿಲಿನ ತಲೆಯ ಮೇಲೆಯೇ ಬಂತು. ನವಿಲಿನ ಪರವಾಗಿ ನಾನು ಅವರನ್ನು ಇವತ್ತಿಗೂ ಕ್ಷಮಿಸಿಲ್ಲ.

ಪಂಚಾಯ್ತಿಯಲ್ಲಿ ನನಗೆ ಗ್ರಾಮಸಭೆಯ ಕೆಲಸ. ಕಟ್ಟೆಯ ಮೇಲೆ ಕುರ್ಚಿ ಹಾಕಿ ಅಧಿಕಾರಿಗಳು ಕೂರುತ್ತಿದ್ದರು, ಕೆಳಗೆ ನನ್ನ ಮೇಲೆ ಜನ, ಇಲ್ಲಿಯೂ ಗಂಡಸರೇ. ಆ ಊರಲ್ಲಿ ಒಂದು ರೂಢಿ ಬೆಳೆದಿತ್ತು: ನನ್ನನ್ನು ಹಾಸಿದರೆ ಸಭೆ ಶುರು, ಸುತ್ತಿದರೆ ಸಭೆ ಮುಗಿಯಿತು. ಅಧ್ಯಕ್ಷೆ ಕಸ್ತೂರೆವ್ವ. ಆದರೆ ಆಡಳಿತವೆಲ್ಲ ಆಕೆಯ ಗಂಡ ಚನ್ನವೀರಪ್ಪನದು. ಆಕೆ ಕುರ್ಚಿಯಲ್ಲಿ ಕುಳಿತು, ಆತ ತೋರಿಸಿದ ಕಡೆ ಸಹಿ ಮಾಡುತ್ತಿದ್ದಳು. ಯಾರಾದರೂ ತ್ರಾಸಿನ ಪ್ರಶ್ನೆ ಕೇಳಿದರೆ ಚನ್ನವೀರಪ್ಪ ಹುಬ್ಬು ಹಾರಿಸುತ್ತಿದ್ದ. ಜವಾನ ಮೈಲಾರಿ ಬಂದು ನನ್ನ ಅಂಚು ಎತ್ತುತ್ತಿದ್ದ. ಜನ ಸಂಕೋಚದಿಂದ ಎದ್ದು ನಿಲ್ಲುತ್ತಿದ್ದರು, ಕೇಳಿದವನ ಪ್ರಶ್ನೆಯೂ ನನ್ನ ಜೊತೆಗೇ ಸುತ್ತಿಕೊಂಡು ಮೂಲೆಗೆ ಸೇರುತ್ತಿತ್ತು. ಹೀಗೆ ಎಷ್ಟು ಪ್ರಶ್ನೆಗಳನ್ನು ನನ್ನ ಹೊಟ್ಟೆಯಲ್ಲಿಟ್ಟುಕೊಂಡು ಕೋಣೆಯಲ್ಲಿ ಬಿದ್ದಿದ್ದೇನೋ!

ಊರಿನ ನಲ್ಲಿಯಲ್ಲಿ ಬರುವುದು ಕೊಳವೆಬಾವಿಯ ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಕುಡಿದರೆ ಬಾಯಾರಿಕೆ ಹೋಗುವುದಿಲ್ಲ. ಕುಡಿಯುವ ಸಿಹಿನೀರು ಸಿಗುತ್ತಿದ್ದುದು ದೊಡ್ಡ ರಸ್ತೆಯ ಪಕ್ಕದ ಹೊಂಡದಲ್ಲಿ ಮಾತ್ರ. ಆ ಹೊಂಡ ಮುಚ್ಚಿ ಅಲ್ಲಿ ಅಂಗಡಿ ಮಳಿಗೆ ಕಟ್ಟಿಸಬೇಕೆಂದು ಚನ್ನವೀರಪ್ಪನಿಗೆ ಆಸೆ. ಅದಕ್ಕೆ ಊರಿನ ಒಪ್ಪಿಗೆ ಬೇಕು. ಊರು ಒಪ್ಪುವುದಿಲ್ಲ ಎಂದು ಅವನಿಗೆ ಗೊತ್ತು.

ಒಂದು ದಿನ ಮೈಲಾರಿ ನನ್ನನ್ನು ರೇಷನ್ ಅಂಗಡಿಯ ಮುಂದೆ ಹಾಸಿದ. ಅಕ್ಕಿಗಾಗಿ ಪಾಳಿ ಹಚ್ಚಿದ್ದ ಹೆಂಗಸರನ್ನು ಚನ್ನವೀರಪ್ಪ ಕರೆದು ನನ್ನ ಮೇಲೆ ಕೂರಿಸಿದ. ಮೊದಲ ಸಲ ನನ್ನ ಮೇಲೆ ಹೆಂಗಸರು! ನನಗೆ ಎಷ್ಟು ಹಿಗ್ಗಾಯಿತೆಂದರೆ ನವಿಲುಗಳು ಕುಣಿಯದಿದ್ದುದೇ ಹೆಚ್ಚು.

"ಎಲ್ಲಾರೂ ಕೈ ಎತ್ರಿ, ಫೋಟೊ ಚಂದ ಬರತೈತಿ. ಮ್ಯಾಲಿನವರು ನೋಡಿದ್ರ ಊರಿಗೆ ಹೆಸರು" ಎಂದ ಚನ್ನವೀರಪ್ಪ.

ಅವರು ನಗುತ್ತ, ಸೆರಗು ಸರಿಮಾಡಿಕೊಳ್ಳುತ್ತ ಕೈ ಎತ್ತಿದರು. ಎಲ್ಲರಿಗಿಂತ ಮೇಲೆ ಹೋದದ್ದು ಫಕೀರವ್ವನ ಕೈ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ವಿಧವೆ ಆಕೆ. ಮಕ್ಕಳ ಸಾರಿಗೆ ಹೊಂಡದ ನೀರನ್ನೇ ಹೊತ್ತು ತರುತ್ತಿದ್ದಳು.

ಕೆಲವು ದಿನಗಳಲ್ಲಿ ಹೊಂಡದ ದಂಡೆಗೆ ಟ್ರ್ಯಾಕ್ಟರ್ ಮಣ್ಣು ತಂದು ಸುರಿಯಿತು. ಯಾರು ಹೇಳಿದ್ದೆಂದು ಕೇಳಿದರೆ, ಹೊಂಡ ಮುಚ್ಚಲು ಊರೇ ಕೈ ಎತ್ತಿ ಠರಾವು ಮಾಡಿದೆ, ಫೋಟೊ ನೋಡಿ ಎಂಬ ಉತ್ತರ ಬಂತು. ಆ ಫೋಟೊದಲ್ಲಿ ನಾನೂ ಇದ್ದೇನೆ. ಸುಳ್ಳಿಗೆ ಸಾಕ್ಷಿ ಹೇಳಲು ನನ್ನನ್ನು ಹಾಸಿದ್ದರು. ಗೌಡರ ಚಹಾ ಚೆಲ್ಲಿದಾಗಲೂ ನನಗೆ ಅಷ್ಟು ಹೊಲಸೆನಿಸಿರಲಿಲ್ಲ.

ಮುಂದಿನ ಗ್ರಾಮಸಭೆಗೆ ತಾಲೂಕಿನಿಂದ ಒಬ್ಬ ಅಧಿಕಾರಿ ಬಂದಿದ್ದರು. ಮೈಲಾರಿ ನನ್ನನ್ನು ಹಾಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಫಕೀರವ್ವ ಹೆಂಗಸರ ದಂಡನ್ನೇ ಕರೆತಂದು ನನ್ನ ನಟ್ಟನಡುವೆ ಕುಳಿತಳು. ಗಂಡಸರು ಜಾಗವಿಲ್ಲದೆ ಹಿಂದೆ ನಿಂತರು.

"ಹೊಂಡ ಮುಚ್ಚಾಕ ಯಾರು ಹೇಳ್ಯಾರ್ರಿ?" ಎಂದು ಕೇಳಿದಳು.

ಚನ್ನವೀರಪ್ಪ ಫೋಟೊ ಎತ್ತಿ ತೋರಿಸಿ ನಕ್ಕ. "ನೀವ ಹೇಳೀರಿ. ನೋಡಿಲ್ಲಿ, ನಿನ್ನ ಕೈ ಎಲ್ಲಾರಕಿಂತ ಮ್ಯಾಲೈತಿ."

"ಫೋಟೊಕ್ಕ ಕೈ ಎತ್ತಂದ್ರಿ, ಎತ್ತಿದ್ವಿ. ಹೊಂಡದ ಹೆಸರು ನಿಮ್ಮ ಬಾಯಾಗ ಬಂದಿತ್ತೇನು?"

"ಫಕೀರವ್ವ, ಸಾಲಿ ಅಡಗಿ ಕೆಲಸ ಯಾರ ಕೈಯಾಗೈತಿ ಅನ್ನೋದು ನೆನಪಿಟ್ಟು ಮಾತಾಡು."

ನನ್ನ ಮೇಲಿದ್ದ ಆಕೆಯ ಭಾರ ಹಗುರಾಯಿತು, ಏಳಲು ಹೊರಟವರ ಭಾರದ ಹಾಗೆ. ಆ ಕೆಲಸ ಬಿಟ್ಟರೆ ಆಕೆಗೆ ಬೇರೆ ದಿಕ್ಕಿಲ್ಲ. ಕೂರು ಫಕೀರವ್ವ, ಏಳಬೇಡ ಎಂದು ನಾನು ಒಳಗೊಳಗೇ ಕೂಗಿದೆ. ಆಕೆ ಚಕ್ಕಳಮಕ್ಕಳ ಹಾಕಿ ಕುಳಿತಳು, ಪೂರ್ತಿ ಭಾರ ನನ್ನ ಮೇಲೆ ಬಂತು.

"ಅಡಗಿ ಕೆಲಸ ನಿಮ್ಮ ಕೈಯಾಗಿರಬಹುದ್ರಿ. ನೀರು ಊರಂದು."

"ಸಭಿ ಮುಗೀತು. ಮೈಲಾರಿ, ಜಮಖಾನಿ ಸುತ್ತು!"

ಮೈಲಾರಿ ಅಂಚು ಎತ್ತಿದ. ಒಬ್ಬರೂ ಏಳಲಿಲ್ಲ. ಸುತ್ತಲಾಗದೆ ಆತ ಪೆಚ್ಚಾಗಿ ನಿಂತ. ಚನ್ನವೀರಪ್ಪ ಕಟ್ಟೆಯಿಂದ ಹಾರಿ ಬಂದು ನನ್ನನ್ನು ತಾನೇ ಹಿಡಿದು ಜಗ್ಗಿದ. ನಾನೂ ಬಿಡಲಿಲ್ಲ. ನನ್ನ ಮೇಲೆ ಊರಿನ ಹೆಂಗಸರ ಭಾರವಿತ್ತು, ಅವನ ಕೈಯಲ್ಲಿ ಬರೀ ಸಿಟ್ಟು. ಪರ್ರನೆ ಹರಿದೆ, ಹಳದಿ ಅಂಚಿನಿಂದ ಪಗಡೆಯ ಹಾಸಿನವರೆಗೆ. ಹರಿದರೂ ಜರುಗಲಿಲ್ಲ.

ಆಗ ಕುರ್ಚಿಯಿಂದ ಕಸ್ತೂರೆವ್ವ ಎದ್ದಳು. ಆಕೆಯ ಮನೆಯ ಬೇಳೆಯೂ ಹೊಂಡದ ನೀರಿನಲ್ಲೇ ಬೇಯುತ್ತಿತ್ತು. ಚಪ್ಪಲಿ ಬಿಟ್ಟು ಕೆಳಗಿಳಿದು ಬಂದು ಫಕೀರವ್ವನ ಪಕ್ಕದಲ್ಲಿ ಕುಳಿತಳು.

"ಏ, ಏಳು. ಮನಿಗೆ ನಡಿ" ಎಂದ ಗಂಡ.

"ಸಭಿ ಮುಗಿಸೋದು ಅಧ್ಯಕ್ಷರ ಕೆಲಸ. ನಾನಿನ್ನೂ ಮುಗೀತು ಅಂದಿಲ್ಲ." ದನಿ ಸಣ್ಣಗಿತ್ತು, ಆದರೆ ಹಿಂದೆ ನಿಂತವರಿಗೂ ಕೇಳಿಸಿತು. ಆಕೆ ಅಧಿಕಾರಿಯ ಕಡೆ ತಿರುಗಿದಳು. "ಸಾಹೇಬ್ರ, ಹೊಂಡದ ವಿಷಯ ಮತ್ತೊಮ್ಮೆ ಓದ್ರಿ. ಈ ಸಲ ಏನಂತ ಕೇಳಿ ಕೈ ಎತ್ತತೀವಿ."

ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿಬಿಟ್ಟಿದ್ದರು. ಮತ್ತೆ ತೆಗೆದರು. ಗಟ್ಟಿಯಾಗಿ ಓದಿದರು. ಹೊಂಡ ಮುಚ್ಚಲು ಚನ್ನವೀರಪ್ಪನ ಮತ್ತು ಅವನ ಹಿಂಬಾಲಕರ ಕೈ ಮೇಲೆದ್ದವು. ಮುಚ್ಚಬಾರದೆಂದು ನನ್ನ ಮೇಲಿದ್ದ ಕೈಗಳೆಲ್ಲ ಎದ್ದವು. ಆಮೇಲೆ ಹಿಂದೆ ನಿಂತ ಗಂಡಸರದೂ ಒಂದೊಂದಾಗಿ ಎದ್ದವು. ಠರಾವು ರದ್ದಾಯಿತು. ಸುರಿದ ಮಣ್ಣನ್ನು ಅದೇ ಟ್ರ್ಯಾಕ್ಟರ್ ಹೊತ್ತುಕೊಂಡು ಹೋಯಿತು.

ಇಷ್ಟಕ್ಕೇ ಎಲ್ಲ ಸುಖವಾಯಿತು ಎಂದು ನಾನು ಹೇಳಲಾರೆ. ಪಂಚಾಯ್ತಿಗೆ ಪ್ಲಾಸ್ಟಿಕ್ ಕುರ್ಚಿ ಬಂದವು. ನನ್ನನ್ನು ಸುಟ್ಟ ಟ್ಯೂಬ್‌ಲೈಟುಗಳ ಜೊತೆ ಹಿತ್ತಲಿಗೆ ಎಸೆದರು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ಚನ್ನವೀರಪ್ಪ ಶಾಲಾ ಸಮಿತಿಯಲ್ಲಿದ್ದ ತನ್ನವರಿಗೆ ಹೇಳಿ, ಕಣ್ಣು ಮಂಜಾಗಿದೆ ಎಂಬ ನೆವದಲ್ಲಿ ಫಕೀರವ್ವನನ್ನು ಕೆಲಸದಿಂದ ಬಿಡಿಸಿದ. ಮಂಜಾದ ಕಣ್ಣಿನವಳು ಹಿತ್ತಲಲ್ಲಿ ಬಿದ್ದಿದ್ದ ನನ್ನನ್ನು ಹೇಗೆ ಕಂಡಳೋ! ಮನೆಗೆ ಹೊತ್ತೊಯ್ದು, ದಬ್ಬಳದಲ್ಲಿ ಗೋಣಿ ದಾರ ಪೋಣಿಸಿ ನನ್ನ ಹರಿದ ಜಾಗ ಹೊಲಿದಳು. ಹುಸೇನಬಿ ನೋಡಿದ್ದರೆ ಆ ಒರಟು ಹೊಲಿಗೆಗೆ ಬೈಯುತ್ತಿದ್ದಳು. ನನಗೆ ಮಾತ್ರ ಅದರ ಮೇಲೆ ಅಭಿಮಾನ.

ಈಗ ನಾನು ಮುದಿಯಾಗಿದ್ದೇನೆ. ಕೆಂಪು ಮಾಸಿದೆ, ಇಲಿ ಒಂದು ಬದಿ ತಿಂದಿದೆ. ಸಭೆಯ ದಿನ ಮಾತ್ರ ಹೆಂಗಸರು ಬಂದು ನನ್ನನ್ನು ಹೊತ್ತೊಯ್ದು ಆ ಪ್ಲಾಸ್ಟಿಕ್ ಕುರ್ಚಿಗಳ ಮುಂದೆಯೇ ಹಾಸುತ್ತಾರೆ. ಊರವರು ಹಾಸಿದ್ದನ್ನು ಊರವರೇ ಸುತ್ತಬೇಕು ಎಂದು ಕಸ್ತೂರೆವ್ವ ಮೈಲಾರಿಗೆ ಹೇಳಿದ್ದಾಳೆ.

ಇವತ್ತೂ ಸಭೆಯಿದೆ. ಫಕೀರವ್ವನ ಕೆಲಸವನ್ನು ಯಾಕೆ ಕಸಿದುಕೊಂಡಿರಿ ಎಂದು ಕೇಳಲು ಹೆಂಗಸರು ಆಕೆಯ ಮನೆಯಂಗಳದಲ್ಲಿ ಸೇರಿದ್ದಾರೆ. ಉತ್ತರ ಬರುವತನಕ ಏಳುವುದಿಲ್ಲವಂತೆ, ಬುತ್ತಿ ಕಟ್ಟಿಕೊಂಡು ಬಂದಿದ್ದಾರೆ. ಕೂರಲಿ. ನನಗೂ ಅವಸರವಿಲ್ಲ.