ಮುಚ್ಚಳದ ಒಳಗಿನ ಹೆಸರುಗಳು

ಕಾಸ್ಟಿಕ್ ಸೋಡಾ ತಾಗಿದ್ದೇ ತಡ, ಪೆಟ್ಟಿಗೆಯ ಮುಚ್ಚಳದೊಳಗೆ ಬಣ್ಣದಲ್ಲಿ ಬರೆದಿದ್ದ ಸಿಗ್ರುನ್‌ಳ ಹೆಸರು ಸುಕ್ಕುಗಟ್ಟಿತು. ಉನ್ನಿ ಅಷ್ಟೇ ಜಾಗಕ್ಕೆ ಚಿಂದಿ ಒತ್ತಿ ಒರೆಸಿದಳು. ಕೆಂಪು ಅಕ್ಷರಗಳು ಬಟ್ಟೆಗೆ ಬಂದವು. ಗಂಡ ಹಾಲ್ವೋರನ ಮೊದಲ ಹೆಂಡತಿ ಸಿಗ್ರುನ್, ಸತ್ತು ವರ್ಷಗಳಾದವಳು, ಈ ಮನೆಯಲ್ಲಿ ಉಳಿಸಿಕೊಂಡಿದ್ದ ಜಾಗ ಅದೊಂದೇ. ಅದನ್ನೂ ಕಿತ್ತುಕೊಂಡದ್ದಕ್ಕೆ ಉನ್ನಿಗೆ ನಾಚಿಕೆಯಾಗಲಿಲ್ಲ, ಹಾಯೆನಿಸಿತು.

ಟೆಲೆಮಾರ್ಕ್ ಸೀಮೆಯ ಹಳೇ ಮದುವೆ ಪೆಟ್ಟಿಗೆ ಅದು. ಹಾಲ್ವೋರನ ಮನೆತನದ ಸೊಸೆಯರ ಹೆಸರೆಲ್ಲ ಮುಚ್ಚಳದ ಒಳಬದಿಯಲ್ಲಿ ಒಂದರ ಕೆಳಗೊಂದು ಇದ್ದವು. ಬರೆಯಬೇಕಾದವಳು ಅತ್ತೆ, ಬರೆಯಿರಿ ಎಂದು ಸೊಸೆ ಬಾಯಿಬಿಟ್ಟು ಕೇಳುವ ಹಾಗಿಲ್ಲ. ನಾಲ್ಕು ವರ್ಷ ಉನ್ನಿ ಕೇಳಲಿಲ್ಲ, ಅತ್ತೆ ಓಸ್ನೆ ಬರೆಯಲಿಲ್ಲ. ಕಾದು ಕಾದು ಉನ್ನಿಯ ಹೊಟ್ಟೆ ಉರಿದುಹೋಗಿತ್ತು.

ಆದರೆ ಹೆಸರು ಹೋದ ಕಡೆ ಮರ ಬೋಳಾಗಿ ಕಂಡಿತು. ನೀಲಿ ಬಣ್ಣದ ನಡುವಿನ ಆ ಬಿಳಿ ಪಟ್ಟೆ ಅಕ್ಷರಗಳಿಗಿಂತ ಜೋರಾಗಿ ಸಿಗ್ರುನ್ ಅನ್ನುತ್ತಿತ್ತು. ಸುತ್ತ ಇನ್ನಷ್ಟು ಸವರಿದಳು, ಪಟ್ಟೆ ದೊಡ್ಡದಾಯಿತು. ಅತ್ತೆಯ ಹೆಸರಿನ ಹತ್ತಿರ ಕೈ ಒಮ್ಮೆ ತಡೆಯಿತು, ಆಮೇಲೆ ಮುಂದೆ ಹೋಯಿತು. ಊರಿನವರೆಲ್ಲ ಹಳೇ ಬಣ್ಣ ಕಿತ್ತು ಪೈನ್ ಮರವನ್ನು ಬರಿದಾಗಿ ಇಡುತ್ತಿದ್ದ ಕಾಲ, ನೆಪಕ್ಕೇನೂ ಕೊರತೆಯಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮುಚ್ಚಳದಲ್ಲಿ ಯಾರೂ ಉಳಿದಿರಲಿಲ್ಲ. ವಾರವಿಡೀ ಕೂತು ಹೊರಮೈಯನ್ನೂ ಹೆರೆದು ಸಾಬೂನು ಹಾಕಿ ತೊಳೆದಳು.

ಭಾನುವಾರ ಓಸ್ನೆ ಬಂದಳು.

"ಅಮ್ಮಾ, ಪೆಟ್ಟಿಗೆ ನೋಡಿದ್ಯಾ? ಉನ್ನಿ ಹೊಸದೇ ಮಾಡಿಬಿಟ್ಟಿದ್ದಾಳೆ," ಎಂದ ಹಾಲ್ವೋರ್, ಬಾಯ್ತುಂಬ ವಾಫಲ್ ಇಟ್ಟುಕೊಂಡು.

ಓಸ್ನೆ ಕಾಫಿ ಲೋಟ ಇಟ್ಟು ಎದ್ದುಹೋಗಿ ಮುಚ್ಚಳ ತೆರೆದಳು.

"ಚೊಕ್ಕಟವಾಗಿದೆ."

"ಬಣ್ಣ ಎಲ್ಲಾ ಎದ್ದುಹೋಗಿತ್ತು ಅತ್ತೆ. ಈಗ ಎಲ್ಲರೂ ಹೀಗೇ ಮಾಡೋದು." ಉನ್ನಿಯ ದನಿ ಬೇಕಾದ್ದಕ್ಕಿಂತ ದೊಡ್ಡದಾಯಿತು.

"ನಾನು ಬರೆದಿದ್ದು ಎದ್ದುಹೋಗೋ ಬಣ್ಣ ಅಲ್ಲ ಕಣಮ್ಮ."

ಓಸ್ನೆ ಕೈಚೀಲ ತೆರೆದಳು. ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಕುಂಚ, ಕೆಂಪು ಬಣ್ಣದ ಸಣ್ಣ ಡಬ್ಬಿ. ಎರಡನ್ನೂ ಮೇಜಿನ ಮೇಲಿಟ್ಟಳು.

"ಸಿಗ್ರುನ್‌ದು ಮದುವೆ ದಿನಾನೇ ಬರೆದೆ. ವರ್ಷ ತುಂಬೋದ್ರೊಳಗೆ ಹೋದ್ಲು ಹುಡುಗಿ. ಆಮೇಲೆ ಇನ್ನೊಂದು ಹೆಸರು ಬರೆಯೋಕೆ ನಂಗೆ ಹೆದರಿಕೆ. ನಿಂಗೇನಾದ್ರೂ ಆದ್ರೆ ಅಂತ. ಇವತ್ತು ಧೈರ್ಯ ಮಾಡ್ಕೊಂಡು ಬಂದೆ."

ಉನ್ನಿ ನಾಲ್ಕು ವರ್ಷ ನುಂಗಿಕೊಂಡಿದ್ದ ಮಾತು ಆಗ ಹೊರಬಿತ್ತು.

"ಈಗ್ಲೂ ಬರೀರಿ ಅತ್ತೆ."

"ಯಾರ ಕೆಳಗೆ ಬರೀಲಿ?"

ಓಸ್ನೆ ಬಾಗಿಲ ಬಳಿ ಕೂತು ಬೂಟು ಹಾಕಿಕೊಳ್ಳತೊಡಗಿದಳು. ಹಾಲ್ವೋರ್ ಎದ್ದು ಪೆಟ್ಟಿಗೆಯ ಹತ್ತಿರ ಬಂದ.

"ಸಿಗ್ರುನ್ ಹೆಸರೂ ಹೋಯ್ತಾ?"

ಅವನು ಬೋಳು ಮರದ ಮೇಲೆ ಕೈಯಿಟ್ಟ. ಬೆರಳು ಎಲ್ಲೂ ತಡಕಾಡಲಿಲ್ಲ, ನೇರವಾಗಿ ಆ ಹೆಸರಿದ್ದ ಜಾಗಕ್ಕೇ ಹೋಗಿ ನಿಂತಿತು.