ಕೆಂಪು ಗೆರೆಯ ಈಚೆ

ಎಂಆರ್‌ಐ ಕೋಣೆಯ ಬಾಗಿಲಿಗೆ ಕೆಂಪು ಗೆರೆ, ಗೆರೆಯ ಮೇಲೆ ಪಾಲಿಶ್ ಬೂಟು — ಬಂದರು ರಾಮಪ್ರಸಾದರು, ಚರ್ಮದ ಡಾಕ್ಟರು, ಸ್ವಂತದ್ದೂ ಸಾಕಷ್ಟು ದಪ್ಪ ಚರ್ಮವೇ, ಹೆಂಡತಿ ಪ್ರಭಾ ಅವರನ್ನು ಎಂಆರ್‌ಐಗೆ ಕರೆತಂದಿದ್ದಾರೆ, ಅಕ್ಕಾರ, ಮೈಮ್ಯಾಲೆ ಲೋಹದ್ದು ಏನರ ಐತೇನ್ರಿ ಎಂದು ಸ್ಕ್ಯಾನ್ ನಡೆಸುವ ಗುರುದೇವಿ ಕೇಳಿದ್ದು ಆಕೆಯನ್ನು, ಆಕೆಯ ಕೈ ಕೊರಳಿಗೆ ಹೋಗಿತ್ತು, ಬಾಯಿ ತೆರೆದದ್ದು ಈತ, ಏನೂ ಇಲ್ಲಮ್ಮಾ, ತಾಳಿ ಚಿನ್ನದ್ದು, ಚಿನ್ನ ಅಂಟಲ್ಲ, ಫಿಸಿಕ್ಸ್ ನಂಗೂ ಗೊತ್ತೂ — ಆ ‘ಗೊತ್ತೂ’ ಮೂಗಿನಿಂದ ಇಳಿಯುವ ಬಗೆಯನ್ನು ಗುರುದೇವಿ ಮನಸ್ಸಿನಲ್ಲೇ ಅಣಕಿಸಿ ನೋಡುತ್ತಾಳೆ, ಮೂಲಕ್ಕಿಂತ ಚೆನ್ನಾಗಿದೆ, ಅಯಸ್ಕಾಂತ ಕಬ್ಬಿಣವನ್ನಷ್ಟೇ ಎಳೆಯುತ್ತದೆ, ಈ ಗಂಡನೆಂಬ ಕಾಂತ ಹೆಂಡತಿಯ ಬಾಯಲ್ಲಿನ ಮಾತನ್ನೂ ಎಳೆದುಕೊಳ್ಳುತ್ತಾನೆ, ಹೋದ ರಜೆಯಲ್ಲಿ ಊರಿಗೆ ಹೋದಾಗ ಬೆಳಗಾವಿಯಲ್ಲಿ ಗುರುದೇವಿಯ ತಲೆಯೊಳಗೆ ಉಬ್ಬಿದ ರಕ್ತನಾಳಕ್ಕೆ ಕ್ಲಿಪ್ಪು ಹಾಕಿದರು, ಕಬ್ಬಿಣದಂಶವಿದ್ದರೆ ಯಂತ್ರ ಅದನ್ನು ತಲೆಯೊಳಗೇ ತಿರುಚೀತು, ಯಾವ ಲೋಹದ್ದೆಂದು ಖಚಿತವಾಗುವ ತನಕ ಅವಳು ಈ ಗೆರೆ ದಾಟುವಂತಿಲ್ಲ, ಗಾಜಿನ ಈಚೆ ಕುಳಿತು ಯಂತ್ರ ನಡೆಸಬೇಕು, ಒಳಗಿನ ಓಡಾಟ ಜೊತೆಗೆಲಸದ ಅಂಕಿತಾಳ ಪಾಲು — ಅದಕ್ಕೂ ಈತನ ಬಳಿ ಔಷಧ ಉಂಟು, ಯುಗಾದಿ ಕೂಟದಲ್ಲಿ ಹೋಳಿಗೆ ಮೆಲ್ಲುತ್ತ ಹೇಳಿದ್ದು, ಟೈಟೇನಿಯಮ್ಮೇ ಇರುತ್ತೆ, ಧೈರ್ಯವಾಗಿ ಒಳಗ್ಹೋಗಮ್ಮಾ, ತಲೆ ಯಾರದ್ದು, ಧೈರ್ಯ ಯಾರದ್ದು, ಈ ವಿಲಾಯತಿಯಲ್ಲೂ ರೇನರ್ಸ್ ಲೇನಿನ ತರಕಾರಿ ಅಂಗಡಿಯಲ್ಲಿ ಬದನೆಕಾಯನ್ನು ಒತ್ತಿ ಒತ್ತಿ ನೋಡಿ ಕೊಳ್ಳುವ ಮನುಷ್ಯ ಇನ್ನೊಬ್ಬಳ ತಲೆಬುರುಡೆಯನ್ನು ನೋಡದೆಯೇ ಪಾಸು ಮಾಡುತ್ತಾನೆ — ಅಂಕಿತಾ ಪ್ರಭಾ ಅವರ ಕೈ ಹಿಡಿದು ಬಾಗಿಲು ದಾಟಿದಳು, ಇನ್ನೂ ಯಂತ್ರದ ಹತ್ತಿರ ಹೋಗಿಲ್ಲ, ಗೌನಿನ ಕೊರಳಿನಿಂದ ತಾಳಿ ತಾನಾಗಿ ಹೊರಬರುತ್ತಿದೆ, ಸರಕ್ಕೆ ಸಿಕ್ಕಿಸಿದ ಉಕ್ಕಿನ ಪಿನ್ನು ಮುಂದೆ, ತಾಳಿ ಹಿಂದೆ, ಗಾಳಿಯಲ್ಲಿ ಅಡ್ಡಕ್ಕೆ, ಯಂತ್ರದ ಬಾಯಿಗೆ ಮೂತಿ ಮಾಡಿ — ಅವ್ವನೂ ಹಾಗೇ, ಸೆರಗಿಗೆ ಬೇಕಾದೀತೆಂದು ತಾಳಿಗೊಂದು ಪಿನ್ನು, ಎಲ್ಲ ಅವ್ವಂದಿರೂ, ಅದು ಯಾವ ಫಿಸಿಕ್ಸಿನಲ್ಲಿದೆ — ರೀ, ಅನ್ನುತ್ತಾರೆ ಪ್ರಭಾ, ಅವರ ಮೊದಲ ಮಾತು, ಸರ ಕುತ್ತಿಗೆಗೆ ಒತ್ತುತ್ತಿದೆ, ಅಂಕಿತಾ ಪಿನ್ನನ್ನು ಮುಷ್ಟಿಯಲ್ಲಿ ಅದುಮಿ ಆಕೆಯನ್ನು ಹಿಂದಕ್ಕೆ ನಡೆಸುತ್ತಾಳೆ, ನೋಡ್ತಾ ಕೂತಿದೀಯಲ್ಲಮ್ಮಾ, ಹೋಗಿ ಹಿಡ್ಕೋ, ಅನ್ನುತ್ತಾನೆ ಕಾಂತ, ತಾನು ಮಾತ್ರ ಗೋಡೆಗೆ ಅಂಟಿಕೊಂಡು, ಇವನಿಗೆ ಎಂಥ ಉತ್ತರ ಕೊಡಬೇಕೆಂದರೆ — ಆದರೆ ಗುರುದೇವಿ ಆಗಲೇ ಎದ್ದಿದ್ದಾಳೆ, ವರ್ಷಗಟ್ಟಲೆ ಒಳಗೆ ಓಡಿ ಪಳಗಿದ ಕಾಲು ಆಗಲೇ ಗೆರೆಯ ಮೇಲೆ ತೇಲುತ್ತಿದೆ, ದಡ್ಡ ಕಾಲು, ಡಾಕ್ಟರ ಮಾತು ಕೇಳುವ ಕಾಲು, ಕಿವಿಯ ಮೇಲಿನ ಹೊಲಿಗೆಯ ಗುರುತಿನ ಕೆಳಗೆ ಕ್ಲಿಪ್ಪು ಯಾವ ಕಡೆಗೆ ಮೂತಿ ಮಾಡಿದೆಯೋ, ಟೈಟೇನಿಯಮ್ಮೇ ಇರುತ್ತೆ, ಇರುತ್ತೆ, ಇಲ್ಲದಿದ್ದರೆ — ಕಾಲು ಈಚೆಗೇ ಇಳಿಯುತ್ತದೆ, ಪ್ರಭಾ ಹೊರಗೆ ಬಂದಾಯಿತು, ಕುರ್ಚಿಯಲ್ಲಿ ಕುಳಿತು ಕುತ್ತಿಗೆ ಸವರಿಕೊಳ್ಳುತ್ತಿದ್ದಾರೆ, ಅದೊಂದು ಪಿನ್ನು ತಾನೇ ಅನ್ನುತ್ತಿದ್ದಾನೆ ಆತ, ಅಣಕಿಸಬೇಕು, ಆ ಮೂಗು, ಆ ‘ತಾನೇ’, ಬರುತ್ತಿಲ್ಲ, ಗಾಜಿನಾಚೆ ಈಗ ಯಾರೂ ಇಲ್ಲ, ಆದರೂ ಅವಳ ಕಣ್ಣಲ್ಲಿ ಪಿನ್ನು, ಗಾಳಿಯಲ್ಲಿ, ಅಡ್ಡಕ್ಕೆ, ಪಿನ್ನು