ಮಾವಿನಹಣ್ಣಿನ ಆವಿ

ಹೊಗೆಸೊಪ್ಪು ಮುಟ್ಟಿದ ಕೈ ರೇಷ್ಮೆಹುಳುವನ್ನು ಮುಟ್ಟಬಾರದು. ಶ್ರೀನಿವಾಸಪುರದ ಸೀಮೆಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆವಲಪ್ಪ ನಲವತ್ತು ವರ್ಷ ಬೀಡಿ ಸೇದಿದ. ಸೇದಿದಾಗಲೆಲ್ಲ ಸೋಪು ಹಾಕಿ ಕೈ ತೊಳೆದು, ಬಾಯಿ ಮುಕ್ಕಳಿಸಿ, ಬಟ್ಟೆ ಬದಲಿಸಿಯೇ ಹುಳುಮನೆಗೆ ಹೋಗುತ್ತಿದ್ದ. ಅವನಿಂದ ಒಂದು ಹುಳುವೂ ಸಾಯಲಿಲ್ಲ. ಹುಳು ಸೊಪ್ಪು ಮೇಯುವ ಸದ್ದು ಕೇಳದಿದ್ದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಅವನನ್ನು ಹುಳುಮನೆಯಿಂದ ಹೊರಗೆ ಹಾಕಿಸಿದವನು ಮಗ ಶ್ರೀಧರ್. ಮಾಲೂರಿನ ಕಾರ್ಖಾನೆ ಕೆಲಸ ಬಿಟ್ಟು ಬಂದವನು ಸಿಗರೇಟನ್ನೂ ಬಿಟ್ಟಿದ್ದ. ಬಿಟ್ಟವರ ಜಂಬ ಕೇಳಬೇಕೆ? ಅಪ್ಪನ ಮೈಯೆಲ್ಲ ಬೀಡಿ ನಾತ ಎಂದು ತಾಯಿ ಅನಸೂಯಮ್ಮನ ಕಿವಿ ಊದಿದ. ಒಂದು ಬೆಳೆ ಮುಗಿದು ಹುಳು ಗೂಡು ಕಟ್ಟುವವರೆಗೆ ಬೀಡಿ ಮುಟ್ಟದೆ ಇದ್ದು ತೋರಿಸು, ಆಮೇಲೆ ಒಳಗೆ ಬಾ ಎಂದು ಅವಳು ಗಂಡನಿಗೆ ಷರತ್ತು ಹಾಕಿದಳು. ಆವಲಪ್ಪ ಬಿಟ್ಟೇಬಿಟ್ಟ. ಬಾಯಲ್ಲಿ ಲವಂಗ ಇಟ್ಟುಕೊಂಡು, ಹುಳುಮನೆಯ ಹೊರಗಿನ ಕಲ್ಲಿನ ಮೇಲೆ ಕೂತು ದಿನ ಎಣಿಸತೊಡಗಿದ.

ಒಳಗೆ ಸೊಪ್ಪು ಹಾಕುವ ಕೆಲಸ ಮಗನಿಗೆ ಬಂತು. ಅವನ ಜೇಬಿನಲ್ಲಿ ಬೆರಳುದ್ದದ ವೇಪ್, ಒಳಗಿನ ರಸವನ್ನು ಬ್ಯಾಟರಿಯಲ್ಲಿ ಕಾಯಿಸಿ ಆವಿ ಎಳೆಯುವ ಕೊಳವೆ. ಅದನ್ನು ಎಳೆದು ಬಿಡುತ್ತಲೇ ಸೊಪ್ಪು ಹರಡುತ್ತಿದ್ದ. ಅದು ಸೋರಿ ಬೆರಳು ಅಂಟಂಟಾದರೆ ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಅನಸೂಯಮ್ಮ ಮೊದಲು ರೇಗಿದಳು.

"ಇದ್ರಲ್ಲಿ ಬೆಂಕಿ ಇಲ್ಲ, ಬೂದಿ ಇಲ್ಲ. ಬರೀ ಮಾವಿನಹಣ್ಣಿನ ಆವಿ ಕಣಮ್ಮ," ಎಂದ.

ಹುಳುಮನೆಯಲ್ಲಿ ಊದುಬತ್ತಿಯನ್ನೂ ಹಚ್ಚಲು ಬಿಡದವಳು ಮೂಸಿ ನೋಡಿ ಒಪ್ಪಿಕೊಂಡಳು. ಹೆತ್ತವರಿಗೆ ಹೆಗ್ಗಣ ಮುದ್ದು.

ಇನ್ನು ಮೂರು ದಿನಕ್ಕೆ ಹುಳು ಗೂಡು ಕಟ್ಟಬೇಕು, ಆವಲಪ್ಪ ಒಳಗೆ ಹೋಗಬೇಕು. ಅಂದು ಬೆಳಗ್ಗೆ ಹುಳುಗಳೆಲ್ಲ ತಲೆ ಎತ್ತಿ ಒದ್ದಾಡುತ್ತ ಹಸಿರು ರಸ ಕಕ್ಕುತ್ತಿದ್ದವು. ಏನಾಗಿದೆ ಎಂದು ತಾಯಿಗೂ ತಿಳಿಯಲಿಲ್ಲ, ಮಗನಿಗೂ ತಿಳಿಯಲಿಲ್ಲ. ಆವಲಪ್ಪ ಆಗಲೂ ಹೊಸ್ತಿಲು ದಾಟಲಿಲ್ಲ. ಎಲೆಯ ಮೇಲೆ ಒಂದು ಹುಳು ತರಿಸಿಕೊಂಡು ನೋಡಿ ಅತ್ತುಬಿಟ್ಟ.

"ಇದು ರೋಗ ಅಲ್ಲ. ಹೊಗೆಸೊಪ್ಪಿನ ವಿಷ."

ಗೊತ್ತಿದ್ದವನು ಅವನೊಬ್ಬನೇ, ಅದೇ ಅವನಿಗೆ ಮುಳುವಾಯಿತು. ಆ ಮನೆಯಲ್ಲಿ ಹೊಗೆಸೊಪ್ಪು ಎಂದರೆ ಆವಲಪ್ಪ. ಕದ್ದು ಸೇದಿ, ಕಿಟಕಿಯಲ್ಲಿ ಕೈ ಹಾಕಿ ಹುಳು ಮುಟ್ಟಿದ್ದಾನೆ ಎಂದು ಅನಸೂಯಮ್ಮ ಊರು ಸೇರುವಂತೆ ಬೈದಳು. ಅವನು ಮುಟ್ಟಿಲ್ಲ ಎಂದ. ಯಾರೂ ನಂಬದಿದ್ದಾಗ, ಮಗನ ತಲೆ ಮುಟ್ಟಿ ಆಣೆ ಮಾಡಲು ಕೈ ಚಾಚಿದ.

ಶ್ರೀಧರ್ ಹಿಂದಕ್ಕೆ ಸರಿದ. ವೇಪಿನ ಡಬ್ಬಿಯ ಮೇಲೆ ನಿಕೋಟಿನ್ ಎಂದು ಬರೆದಿದ್ದದ್ದು ಅವನಿಗೆ ಗೊತ್ತಿತ್ತು. ಅದು ಹೊಗೆಸೊಪ್ಪಿನ ಸಾರವೆಂದೂ ಗೊತ್ತಿತ್ತು.

"ಸುಳ್ಳಾಣೆಗೆ ನನ್ನ ತಲೆ ಬೇಡಪ್ಪ," ಎಂದ.

ಸೇರಿದ್ದವರಿಗೆ ಅಷ್ಟು ಸಾಕಾಯಿತು. ಆವಲಪ್ಪನ ಚಾಪೆ ದನದ ಕೊಟ್ಟಿಗೆಗೆ ಹೋಯಿತು. ಸತ್ತ ಹುಳುಗಳನ್ನು ಗುಂಡಿಗೆ ಹಾಕಿ ಬಂದ ಮೇಲೆ ಅನಸೂಯಮ್ಮ ಹುಳುಮನೆಯ ಬೀಗದ ಕೈಯನ್ನು ಮಗನಿಗೆ ಕೊಟ್ಟಳು. ಮುಂದಿನ ಬೆಳೆ ಮುಗಿಯುವ ತನಕ ಒಳಗೇ ಇರು, ನಿಮ್ಮಪ್ಪ ಹತ್ತಿರ ಸುಳಿಯದಂತೆ ಕಾಯಿ ಎಂದಳು. ಅವನು ಆಗಲಿ ಎಂದ.